ಎರಡು ಏಟಿನ ನಡುವೆ

ನಮ್ಮ ಭಾವನಿಗೆ ಗಡಿಯಾರ ಅಂದರೆ ಅಸಡ್ಡೆ. ಡಬ್ಬಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಪ್ರೆಸ್ಸಿನ ಮುಂದೆ ನಿಂತವನು. ಅಚ್ಚು ಒಮ್ಮೆ ಬಿದ್ದು ಮತ್ತೆ ಬೀಳಲು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಮುಚ್ಚಳ ತೆಗೆದು, ಹೊಸ ತಗಡಿಟ್ಟು, ಕೈ ಎಳೆದುಕೊಳ್ಳಬೇಕು. ಕೈ ಅಡ್ಡ ಬಂದರೆ ಅಚ್ಚು ನಿಲ್ಲಲೆಂದು ಕಂಪನಿ ಸೆನ್ಸರ್ ಕೂರಿಸಿತ್ತು. ಭಾವ ಅದರ ಕಣ್ಣಿಗೆ ಹೊಳೆಯುವ ತಗಡಿನ ಚೂರು ಅಂಟಿಸಿ ಕುರುಡು ಮಾಡಿದ್ದ. "ಅದೆಲ್ಲ ಹೇಡಿಗಳಿಗೆ. ನನ್ನ ಲೆಕ್ಕ ಒಳಗೇ ಇದೆ," ಅಂತ ಎದೆ ತಟ್ಟಿಕೊಳ್ಳುತ್ತಿದ್ದ. ಪಕ್ಕದ ಪ್ರೆಸ್ಸಿನಲ್ಲಿರುವ ನಾನು ಆ ಹೇಡಿ.

ಲೆಕ್ಕ ಇದ್ದದ್ದು ಎದೆಯಲ್ಲಲ್ಲ, ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ. ಎರಡು ತಿಂಗಳ ಹಿಂದೆ ಅಲ್ಲೇ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಹದಿನೈದು ದಿನ ತೂರಾಡಿದ, ಆಮೇಲೆ ನೆಟ್ಟಗೆ ನಡೆದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಿಕ್ ಟಿಕ್ ಸದ್ದು ಕೇಳಿಸಿ, ಅದೇ ಅಂತರದಲ್ಲಿ ಮೇಜು ಕುಟ್ಟಲು ಹೇಳಿದರು. ಸದ್ದು ನಿಲ್ಲಿಸಿದ್ದೇ ತಡ, ಭಾವನ ಬೆರಳು ಒಮ್ಮೆ ಓಡಿತು, ಒಮ್ಮೆ ನಿದ್ದೆ ಹೋಯಿತು.

"ಇಂಥ ಸಣ್ಣ ಸಣ್ಣ ಅಂತರ ಅಳೆಯೋಕೆ ಮೆದುಳಿನ ಈ ಭಾಗ ಬೇಕು. ನಿಮ್ಮಲ್ಲಿ ಅದೇ ಏಟು ತಿಂದಿದೆ. ಪ್ರೆಸ್ ಹತ್ರ ಹೋಗ್ಬೇಡಿ," ಅಂತ ಚೀಟಿ ಬರೆದುಕೊಟ್ಟರು.

"ಮೇಜು ಕುಟ್ಟೋದು ಮಕ್ಕಳಾಟ," ಅಂದ ಭಾವ. ಮನೆಗೆ ಬಂದವನೇ ಚೀಟಿ ಮಡಚಿ, ಅಲ್ಲಾಡುವ ಮಂಚದ ಕಾಲಿನಡಿ ತುರುಕಿದ.

ಫೋರ್‌ಮನ್ನನ ಪರೀಕ್ಷೆ ಇನ್ನೂ ಚೆಂದ. ನೆಲದ ಹಳದಿ ಗೆರೆ ಮೇಲೆ ನಡೆಸಿದ, ಮೂಗು ಮುಟ್ಟಿಸಿದ. "ಗುಂಡುಕಲ್ಲಿನ ಹಾಗಿದೀಯಲ್ಲೋ!" ಅಂತ ಬೆನ್ನು ತಟ್ಟಿ ಕೆಲಸಕ್ಕೆ ಕಳಿಸಿದ. ಮೂಗಿನಿಂದ ಮುಚ್ಚಳ ಒತ್ತಿಸುವ ಯೋಚನೆ ಇತ್ತೇನೋ.

"ಅವರ ಹತ್ತೂ ಬೆರಳು ಹಾಗೇ ಮನೆಗೆ ಬರ್ಬೇಕು ಕಣೋ," ಅಂದಿದ್ದಳು ಅಕ್ಕ. ಭಾವನ ಬಾಯಿಗೂ ನನ್ನನ್ನೇ ಕಾವಲು ಹಾಕಲಿಲ್ಲ, ಪುಣ್ಯ.

ಮೊದಲ ಗಂಟೆಯಲ್ಲೇ ನಾಲ್ಕು ತಗಡು ಸೊಟ್ಟಗೆ ಬಿದ್ದವು.

"ಭಾವ, ಕೈ ತಡ ಆಗ್ತಿದೆ."

"ನಿನ್ನ ಕಿವಿ ತಡ. ಅಕ್ಕನ ಸೆರಗು ಬಿಟ್ಟು ಕೆಲಸ ನೋಡು."

ಅವನು ಚಹಾಕ್ಕೆ ಹೋದಾಗ ಸೆನ್ಸರಿಗೆ ಅಂಟಿದ್ದ ಚೂರನ್ನು ಉಗುರಿನಿಂದ ಕೆರೆದು ತೆಗೆದೆ.

ವಾಪಸು ಬಂದು ಹತ್ತು ಮುಚ್ಚಳ ಒತ್ತಿದ. ಹನ್ನೊಂದನೆಯದಕ್ಕೆ ಪ್ರೆಸ್ ಧಡಕ್ಕೆಂದು ನಿಂತಿತು. ಅಚ್ಚು ಎರಡು ಬೆರಳಗಲ ಮೇಲೆ. ಅದರಡಿ ಭಾವನ ಬಲಗೈ, ತಗಡು ಹಿಡಿದುಕೊಂಡೇ. ಇವನೋ ಕೈ ತೆಗೆದಾಯಿತೆಂಬ ಧೈರ್ಯದಲ್ಲಿ ಮುಂದಿನ ತಗಡಿನತ್ತ ನೋಡುತ್ತಿದ್ದ.

"ಕೈ ತೆಗಿ, ಭಾವ."

ಆಗ ಕೈ ನೋಡಿದ. ಮುಖ ಸುಣ್ಣವಾಯಿತು. ಮೆಲ್ಲಗೆ ಎಳೆದುಕೊಂಡ.

"ಯಾವನೋ ನನ್ನ ಮೆಷಿನ್ ಮುಟ್ಟಿದ್ದು?"

"ನಾನೇ."

ಹೊಡೆದ. ಮೆದುಳಿನ ಯಾವ ಭಾಗ ಕೆಟ್ಟರೂ ಹೊಡೆಯುವ ಭಾಗ ಕೆಡುವುದಿಲ್ಲ. ಫೋರ್‌ಮನ್ ಓಡಿಬಂದು, "ಕೆಲಸ ನಿಂತೋಯ್ತಲ್ರೋ!" ಅಂತ ಹಲುಬಿದ.

ಸಂಜೆ ಅಕ್ಕ ನನ್ನ ಕೆನ್ನೆ ಮೇಲಿನ ಕೆಂಪು ಗೆರೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು. ಐದೂ ಇದ್ದವು. ಬಗ್ಗಿ ಮಂಚದ ಕಾಲಿನಡಿಯಿಂದ ಚೀಟಿ ಎಳೆದು, ಫೋರ್‌ಮನ್ನನ ಮನೆಗೆ ಹೊರಟಳು.

ಮಂಚ ಅಲ್ಲಾಡತೊಡಗಿತು. ಭಾವ ಅದರ ಮೇಲೇ ಕೂತಿದ್ದ, ಎರಡು ಕೈಯನ್ನೂ ತೊಡೆಯಡಿ ಇಟ್ಟುಕೊಂಡು.