ಪ್ರಿನ್ಸಿಪಲ್ ಮನೆ

ಕೌಂಟಿಯ, ಎಂದರೆ ಜಿಲ್ಲೆಯ, ತೆರಿಗೆ ಕಚೇರಿಯಿಂದ ಬಂದ ಫಾರ್ಮಿಗೆ ಸಹಿ ಹಾಕಿ ಏಪ್ರಿಲ್ ಹದಿನೈದರೊಳಗೆ ಕಳಿಸು ಎಂದು ಗಂಡ ಜಯಕರ ಅರಿಝೋನಾದಿಂದ ಫೋನಿನಲ್ಲಿ ಹೇಳಿದ್ದ. ಅಷ್ಟು ಸಣ್ಣ ಕೆಲಸಕ್ಕೆ ಸುಗುಣಾ ಎರಡು ವಾರ ಊಟ ನಿದ್ದೆ ಕೆಡಿಸಿಕೊಂಡಳು ಎಂದರೆ ನೀವು ನಗಬಾರದು.

ಸಾವಿರದ ಒಂಬೈನೂರ ಎಂಬತ್ತೈದರ ಜನವರಿಯಲ್ಲಿ ಇಬ್ಬರ ಹೆಸರಿನಲ್ಲೂ ಪ್ಲೆಸೆಂಟನ್ನಿನಲ್ಲಿ ಮನೆ ಕೊಂಡಿದ್ದರು. ಇಬ್ಬರಿಗೂ ಅದೇ ಮೊದಲ ಸ್ವಂತ ಮನೆ. ಒಂದು ತಿಂಗಳು ಕಳೆಯುವುದರೊಳಗೆ ಜಯಕರನ ಚಿಪ್ ಕಂಪನಿ ಅವನನ್ನು ನಾಲ್ಕು ತಿಂಗಳ ಮಟ್ಟಿಗೆ ಅರಿಝೋನಾದ ಕಾರ್ಖಾನೆಗೆ ಅಟ್ಟಿತು. ಮನೆಯಲ್ಲಿ ಉಳಿದವಳು ಇವಳೊಬ್ಬಳೇ.

"ಸ್ವಂತ ಮನೆಯಲ್ಲಿ ತಾವೇ ಇರುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಉಂಟು ಮಾರಾಯ್ತಿ. ಏಳು ಸಾವಿರ ಡಾಲರು!" ಎಂದು ಅವನು ಹೇಳಿದಾಗ ಸುಗುಣಾ ಕುರ್ಚಿ ಎಳೆದುಕೊಂಡು ಕುಳಿತಳು.

"ಹಾಗಾದ್ರೆ ನಾವು ತೆರಿಗೆ ಕಟ್ಟುವುದೇ ಬೇಡ. ಅವರೇ ನಮಗೆ ಕೊಡ್ಬೇಕಲ್ಲ?"

"ತೆರಿಗೆಯಿಂದ ಕಳೆಯುವುದಲ್ಲ. ಮನೆಯ ಬೆಲೆಯಿಂದ ಏಳು ಸಾವಿರ ಕಳೆದು, ಉಳಿದದ್ದರ ಮೇಲೆ ತೆರಿಗೆ ಹಾಕ್ತಾರೆ. ನಮಗೆ ಉಳಿಯುವುದು ವರ್ಷಕ್ಕೆ ಎಪ್ಪತ್ತು ಡಾಲರು. ಮಾರ್ಚ್ ಒಂದನೇ ತಾರೀಕಿಗೆ ಆ ಮನೆಯಲ್ಲಿ ವಾಸ ಇರ್ಬೇಕು, ಅಷ್ಟೇ."

ಏಳು ಸಾವಿರ ಕಣ್ಣೆದುರೇ ಎಪ್ಪತ್ತಕ್ಕೆ ಇಳಿಯಿತು. ಅದನ್ನು ಅವಳು ನಕ್ಕು ಮರೆತಳು. ಅವಳನ್ನು ಕಾಡಿದ್ದು ಫಾರ್ಮಿನ ಕೊನೆಯ ಸಾಲು. ಈ ಮನೆಯೇ ನನ್ನ 'ಪ್ರಿನ್ಸಿಪಲ್' ವಾಸಸ್ಥಳ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಸುಗುಣಾಗೆ ಗೊತ್ತಿದ್ದ ಪ್ರಿನ್ಸಿಪಾಲರು ಕಾಲೇಜಿನವರು ಮಾತ್ರ. ಮದುವೆಯಾದಾಗ ತಂದಿದ್ದ ನಿಘಂಟು ತೆಗೆದು ನೋಡಿದಳು. ಮುಖ್ಯ, ಪ್ರಧಾನ, ಮೂಲ ಎಂದಿತ್ತು.

ಮೂಲ! ಮೂಲಮನೆ!

ಅವಳ ಮೂಲಮನೆ ಉಡುಪಿಯ ಹತ್ತಿರ ಬೆಳಪುವಿನಲ್ಲಿತ್ತು. ಆ ಕಡೆ ಮೂಲಮನೆ ಬರುವುದು ತಾಯಿಯಿಂದ ಮಗಳಿಗೆ. ಕುಟುಂಬದ ದೈವ ಇರುವುದು ಅಲ್ಲಿನ ಚಾವಡಿಯಲ್ಲಿ. ಅದರ ಎದುರು ಸುಳ್ಳು ಪ್ರಮಾಣ ಮಾಡುವ ಧೈರ್ಯ ಊರಿನ ಯಾವ ಗಂಡಸಿಗೂ ಇರಲಿಲ್ಲ. ಈಗ ಇವಳು, ಮನೆಯ ಹೆಣ್ಣುಮಗಳು, ಪ್ಲೆಸೆಂಟನ್ನಿನ ಮೂರು ಬೆಡ್‌ರೂಮಿನ ಮನೆಯನ್ನು ಮೂಲಮನೆ ಎಂದು ಬರೆದು ಕೊಡಬೇಕು. ಕೊಟ್ಟರೆ ಬೆಳಪುವಿನ ಮನೆಯನ್ನು ಕೈಯಾರೆ ಬಿಟ್ಟುಕೊಟ್ಟ ಹಾಗೆ. ಕೊಡದಿದ್ದರೆ ಇಲ್ಲಿ ತನಗೆ ಮನೆಯೇ ಇಲ್ಲ ಎಂದು ಸರಕಾರಕ್ಕೆ ತಾನೇ ಹೇಳಿದ ಹಾಗೆ. ಎರಡೂ ಅವಳಿಂದ ಆಗದ ಮಾತು.

"ದೈವಕ್ಕೆ ನಾನು ಎಂತ ಹೇಳ್ಲಿ?" ಎಂದು ಗಂಡನನ್ನು ಕೇಳಿದಳು.

"ದೈವಕ್ಕೆ ಇಂಗ್ಲಿಷ್ ಬರುವುದಿಲ್ಲ ಮಾರಾಯ್ತಿ, ಸೈನ್ ಹಾಕು!"

ಸುಗುಣಾ ಫೋನು ಕುಕ್ಕಿದಳು. ಈ ಗಂಡಸರಿಗೆ ಎಲ್ಲವೂ ತಮಾಷೆ.

ಗಡುವಿಗೆ ಮೂರು ದಿನ ಇರುವಾಗ ಬಸ್ಸು ಹತ್ತಿ, ಬಾರ್ಟ್ ರೈಲು ಹಿಡಿದು, ಓಕ್ಲಂಡಿನ ಕೌಂಟಿ ಆಫೀಸಿಗೆ ಹೋದಳು. ಚೀಲದಲ್ಲಿ ಪಾಸ್‌ಪೋರ್ಟು, ಮನೆಪತ್ರ, ಮದುವೆ ಸರ್ಟಿಫಿಕೇಟು, ಕರೆಂಟು ಬಿಲ್ಲು, ಎಲ್ಲದರ ಎರಡೆರಡು ಪ್ರತಿ, ಮೇಲೆ ನಾಲ್ಕು ಫೋಟೋ. ಕಾಲೇಜು ಸೇರುವಾಗ, ಹುಟ್ಟಿದ ಮನೆಯಲ್ಲೇ ವಾಸವಿದ್ದೇನೆ ಎಂದು ಸಾಬೀತು ಮಾಡಲು ಅವಳು ಊರಿನಲ್ಲಿ ಮೂವರ ಸಹಿ, ಎರಡು ಮೊಹರಿಗೆ ಹದಿನೈದು ದಿನ ಅಲೆದಿದ್ದಳು. ಸರಕಾರ ಎಂದರೆ ಏನು ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೌಂಟರಿನಲ್ಲಿದ್ದವರು ನರೆಗೂದಲಿನ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಸುಗುಣಾ ತನ್ನ ಇಂಗ್ಲಿಷನ್ನು ಒಟ್ಟು ಮಾಡಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನನ್ನ ಮೂಲದ ಮನೆ ಇಂಡಿಯಾದಲ್ಲಿದೆ. ನನ್ನ ಅಜ್ಜಿಯ ಅಜ್ಜಿಯೂ ಅಲ್ಲೇ ಹುಟ್ಟಿದ್ದು. ಇದಕ್ಕೆ ಸುಳ್ಳು ಸಹಿ ಹಾಕಲಾರೆ."

ಆಕೆ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಇವಳ ಮುಖ ನೋಡಿದರು.

"ನೀವು ಎಲ್ಲಿಂದ ಬಂದವರು ಅಂತ ಕೌಂಟಿ ಕೇಳುತ್ತಿಲ್ಲ. ಈಗ ಇಲ್ಲಿ ಭೂಕಂಪ ಆಯಿತು ಅಂದುಕೊಳ್ಳಿ. ನಿಮ್ಮ ಕಾಲು ಯಾವ ಮನೆಗೆ ಓಡುತ್ತದೆ? ಅದನ್ನು ಕೇಳುತ್ತಿದೆ."

ಯೋಚಿಸುವ ಮೊದಲೇ ಸುಗುಣಾಳ ಬಾಯಿಂದ ಪ್ಲೆಸೆಂಟನ್ನಿನ ವಿಳಾಸ ಬಂತು. ಮನೆ ನಂಬರು, ಬೀದಿ, ಪಿನ್‌ಕೋಡಿನ ಸಮೇತ! ಹೇಳಿ ಮುಗಿಸಿದ ಮೇಲೆ ಅವಳಿಗೇ ದಿಗಿಲಾಯಿತು. ಅದು ಯಾವಾಗ ತನ್ನ ಮನೆ ಆಯಿತು? ಪಾತ್ರೆ ಜೋಡಿಸಿದ ದಿನವೋ, ಕಿಟಕಿಗೆ ಹಳೆಯ ಸೀರೆ ಕತ್ತರಿಸಿ ಪರದೆ ಹೊಲಿದ ದಿನವೋ, ಗಂಡನಿಲ್ಲದ ಮೊದಲ ದಿನ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಾಗಲೋ? ಅವಳನ್ನು ಕೇಳದೆಯೇ ಆಗಿಹೋಗಿತ್ತು. ದುಃಖವೂ ಆಯಿತು, ಆದರೆ ಎದೆ ತುಂಬಿದ್ದು ಬೆರಗಿನಿಂದ. ಬೆಳಪುವಿನ ಮನೆ ಬೆಳಪುವಿನಲ್ಲೇ ಇತ್ತು, ಒಂದು ಹೆಂಚೂ ಅಲುಗಿರಲಿಲ್ಲ.

ಸಹಿ ಹಾಕಿದಳು. ಚೀಲ ಬಿಚ್ಚಿ ಕಾಗದಗಳನ್ನೆಲ್ಲ ಕೌಂಟರಿನ ಮೇಲೆ ಹರಡಿದಳು.

"ಇವೆಲ್ಲ ಯಾಕೆ?" ಆಕೆ ಕೇಳಿದರು.

"ಸಾಕ್ಷಿಗೆ."

"ಬೇಡ. ನೀವು ಹೇಳಿದಿರಲ್ಲ."

"ಮೊಹರು? ಯಾರಾದರೂ ಬಂದು ನೋಡುವುದಿಲ್ಲವೇ?"

"ಇಲ್ಲ. ಪ್ರತಿ ವರ್ಷ ಹೇಳಬೇಕಾಗಿಯೂ ಇಲ್ಲ. ಅಲ್ಲಿ ಇರುವಷ್ಟು ಕಾಲ ಈ ಒಂದು ಸಹಿ ಸಾಕು. ಬಿಟ್ಟು ಹೋದರೆ, ಆಗ ನೀವೇ ಬಂದು ನಮಗೆ ತಿಳಿಸಬೇಕು."

ಸಾಲಿನಲ್ಲಿ ಹಿಂದಿದ್ದವರು ಮುಂದೆ ಸರಿಯುವವರೆಗೂ ಸುಗುಣಾ ಅಲ್ಲೇ ನಿಂತಿದ್ದಳು. ಇಷ್ಟು ದೊಡ್ಡ ಸರಕಾರ, ಇಷ್ಟು ದೊಡ್ಡ ಕಟ್ಟಡ, ಉಡುಪಿ ಕಡೆಯ ಒಬ್ಬ ಹೆಂಗಸಿನ ಬಾಯಿಮಾತನ್ನು ನಂಬಿ ಫೈಲಿಗೆ ಹಾಕಿಬಿಟ್ಟಿತು! ಮೊಹರು ಒತ್ತಿದ್ದರೆ ಜವಾಬ್ದಾರಿ ಮೊಹರಿನದಾಗುತ್ತಿತ್ತು. ಈಗ ಅದೆಲ್ಲವೂ ಅವಳೊಬ್ಬಳ ತಲೆಯ ಮೇಲೆ ಬಂತು. ದೈವದ ಚಾವಡಿಯಲ್ಲೂ ಹೀಗೆಯೇ, ಕಾಗದ ಕೇಳುವವರು ಯಾರೂ ಇಲ್ಲ.

ಸಂಜೆ ಜಯಕರ ಫೋನು ಮಾಡಿದ.

"ಎಂತ ಆಯ್ತು? ಸೈನ್ ಹಾಕಿದ್ಯಾ?"

"ಹಾಕಿದೆ. ನೀವು ಮನೆಗೆ ಯಾವಾಗ ಬರುವುದು?"

ಇಷ್ಟು ದಿನ ಅವಳ ಬಾಯಲ್ಲಿ ಮನೆ ಎಂದರೆ ಬೆಳಪುವಿನ ಮನೆ ಮಾತ್ರ.

"ಈ ವರ್ಷ ಎಲ್ಲಿ ಆಗ್ತದೆ ಮಾರಾಯ್ತಿ? ಟಿಕೆಟಿಗೆ ದುಡ್ಡಿಲ್ಲ, ರಜೆಯೂ ಇಲ್ಲ. ಬರುವ ವರ್ಷ ಊರಿಗೆ ಹೋಗುವ, ಆಯ್ತಾ?"

"ಊರಿಗಲ್ಲ ಮಾರಾಯ್ರೇ," ಎಂದಳು ಸುಗುಣಾ. "ಮನೆಗೆ."