ಎಪ್ಪತ್ತರ ಮೇಲೆ ಒಂದು ಹೆಬ್ಬೆರಳು

ಮೊದಲು ಮೇಲಿನ ಶೀರ್ಷಿಕೆಯನ್ನು ನಿಮ್ಮ ಹೆಬ್ಬೆರಳಿನಿಂದ ಮುಚ್ಚಿ. ಓದಿಬಿಟ್ಟಿರಾ? ಹೋಗಲಿ. ಹಾಗಾದರೆ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನೀವೇ ಹೇಳಿ. ನಾನಂತೂ ಶುರು ಮಾಡಿದ ಕಡೆಯಲ್ಲೆಲ್ಲ ಮುಗ್ಗರಿಸಿದ್ದೇನೆ.

1

ಮೊದಲ ಪ್ರಯತ್ನ: ‘ಬೆಳ್ಳಿ ಎಂದರೆ ಹೆಪ್ಪುಗಟ್ಟಿದ ಬೆಳಕು.’ (ಹರಿದು ಹಾಕಿದೆ. ಇಂಥ ವಾಕ್ಯ ಬರೆಯುವವರ ಕೈಗೆ ಬೆಳ್ಳಿ ಕೊಡಬಾರದು.)

ಎರಡನೆಯದು: ‘ಅತ್ತೆ ಸೊಸೆಯನ್ನು ದುರುಗುಟ್ಟಿಕೊಂಡು ನೋಡಿದಳು.’ ಬರೆದ ಶಾಯಿ ಒಣಗುವ ಮೊದಲೇ ಅತ್ತೆ ಹಾಳೆಯಿಂದ ತಲೆಯೆತ್ತಿ, ‘ಏನಪ್ಪಾ, ಅತ್ತೆ ಅಂದ್ರೆ ದುರುಗುಟ್ಟಲೇಬೇಕಾ? ಟಿವಿ ಸ್ವಲ್ಪ ಕಮ್ಮಿ ನೋಡು’ ಎಂದಳು. ಅಳಿಸಿದೆ.

2

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಛತ್ರಿ ರಿಪೇರಿಯವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಇಬ್ಬರೂ ಬೇಡವೆಂದು ಬಿಟ್ಟಷ್ಟು ಜಾಗದಲ್ಲಿ ಒಂದು ನಾಣ್ಯದ ಅಂಗಡಿ. ಒಳಗೆ ಒಂದು ದೀಪ, ದೀಪದ ಪಕ್ಕ ಕುರ್ಚಿ, ಕುರ್ಚಿಯ ಪಕ್ಕ ಸ್ಟೂಲು. ಕುರ್ಚಿ ಅತ್ತೆಯದು, ಸ್ಟೂಲು ಸೊಸೆಯದು. ಅತ್ತೆಯ ಮಗ, ಅಂದರೆ ಸೊಸೆಯ ಗಂಡ, ಈ ವಿದ್ಯೆಗೆ ಲಾಯಕ್ಕಲ್ಲವೆಂದು ತೀರ್ಮಾನವಾದದ್ದು ಅವನು ಸಂಗ್ರಹದ ನಾಣ್ಯವೊಂದನ್ನು ಪಾರ್ಕಿಂಗ್ ಮೆಷಿನ್ನಿಗೆ ಹಾಕಿ ಬಂದ ದಿನ. ‘ಮಗ ಕೈಬಿಟ್ಟ, ಸೊಸೆ ಕೈಹಿಡಿದಳು’ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ. ಮಗ ಎದುರಿಗಿದ್ದರೆ ಇನ್ನೂ ಜೋರಾಗಿ.

ಹೊಸ ಕಾಲದ ಸಂಗ್ರಹದ ನಾಣ್ಯಗಳಿಗೆ ಕಂಪನಿಗಳು ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ಮೇಲೊಂದು ಲೇಬಲ್ ಹಚ್ಚಿ ಕಳಿಸುತ್ತವೆ. ಎಪ್ಪತ್ತು ಎಂದರೆ ಪೂರ್ಣಾಂಕ. ಭೂತಗನ್ನಡಿ ಹಿಡಿದರೂ ಊನ ಕಾಣಬಾರದು. ಕೊಟ್ಟ ಅಂಕ ಜಾಸ್ತಿಯಾಯಿತೋ ಎಂಬ ಅನುಮಾನದ ಹುಳ ಹೊಕ್ಕವರು ಈ ಅಂಗಡಿಗೆ ಬರುತ್ತಾರೆ.

ಅತ್ತೆಯದೊಂದು ಪದ್ಧತಿಯಿದೆ. ಡಬ್ಬಿ ಕೈಗೆ ಬಂದೊಡನೆ ಲೇಬಲ್ಲಿನ ಮೇಲೆ ಹೆಬ್ಬೆರಳು. ‘ಲೇಬಲ್ ಓದಿದ ಕಣ್ಣು ಲಂಚ ತಿಂದ ಕಣ್ಣು’ ಎನ್ನುತ್ತಾಳೆ. ಒಬ್ಬರಾದ ಮೇಲೊಬ್ಬರು ನೋಡಬೇಕು, ಮಾತಾಡಬಾರದು. ಆಮೇಲೆ ಕೈ ಬೆನ್ನ ಹಿಂದೆ. ಒಂದು, ಎರಡು, ಮೂರು ಎಂದು ಒಟ್ಟಿಗೆ ಮುಂದೆ ಚಾಚಬೇಕು. ಮುಷ್ಟಿಯಾದರೆ ಎಪ್ಪತ್ತು, ಒಂದು ಬೆರಳಾದರೆ ಒಂದಂಕ ಕಡಿಮೆ. ನೋಡುವವರಿಗೆ ಮಕ್ಕಳಾಟ. ಆದರೆ ಸೊಸೆ ಕೆಲಸ ಕಲಿತ ಮೇಲೆ ಇಬ್ಬರ ಕೈಗಳು ಒಮ್ಮೆಯೂ ಬೇರೆಯಾಗಿಲ್ಲ.

ಈಚೆಗೆ ಅತ್ತೆ ದೀಪವನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ಲೋಟಕ್ಕೆ ಬಗ್ಗಿಸಬೇಕಾದ ಟೀಯನ್ನು ಮೇಜಿಗೆ ಬಗ್ಗಿಸುತ್ತಾಳೆ. ಮೊನ್ನೆ ಮೇಜು ಒರೆಸುತ್ತ ಹೇಳಿದಳು: ‘ನಮ್ಮಿಬ್ಬರ ಬೆರಳು ಬೇರೆಯಾದ ದಿನ ಈ ಕುರ್ಚಿ ನಿಂದು ಕಣೇ. ನಾನು ಮನೇಲಿ ಕೂತು ನನ್ನ ಮಗನ ತಲೆ ತಿಂತೀನಿ.’

ಸೊಸೆ ನಕ್ಕಳು. ನಕ್ಕದ್ದು ಬಾಯಿ ಮಾತ್ರ.

(‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ಇಲ್ಲಿ ಇಟ್ಟಿದ್ದೆ. ಸೊಸೆ ತೆಗೆಸಿದಳು. ‘ಆ ಕಾಲ ನಂಗೆ ಬೇಡ. ಅವರಿಲ್ಲದ ಅಂಗಡೀಲಿ ನಾನು ಯಾರ ಜೊತೆ ಬೆರಳು ತೋರಿಸ್ಲಿ?’)

3

ಮಧ್ಯಾಹ್ನ ಹಲ್ಲಿನ ಡಾಕ್ಟರು ಬಂದರು, ಕರವಸ್ತ್ರದಲ್ಲಿ ಡಬ್ಬಿ ಸುತ್ತಿಕೊಂಡು.

‘ಮಗಳು ಹುಟ್ಟಿದ ವರ್ಷದ ಬೆಳ್ಳಿ ನಾಣ್ಯ. ಅವಳಿಗೆ ಕೊಡೋಣ ಅಂತ ತಗೊಂಡೆ. ಎಪ್ಪತ್ತು ಇದೆ. ಗೆಳೆಯನೊಬ್ಬ ನೋಡಿ, ಇದಕ್ಕೆ ಅಷ್ಟು ಕೊಡಬಾರದಿತ್ತು ಅಂದ. ನೋಡಿ ಹೇಳ್ತೀರಾ?’

‘ಅಯ್ಯೋ ಡಾಕ್ಟ್ರೇ, ಅಂಕ ಹೇಳಿಬಿಟ್ರಲ್ಲ!’ ಅತ್ತೆ ಕಿವಿ ಮುಚ್ಚಿಕೊಂಡಳು. ‘ಬಾಯಿ ತೆಗೀರಿ ಅಂತ ನೀವು ಊರಿಗೆಲ್ಲ ಹೇಳ್ಬೇಕು, ನೀವೇ ತೆಗೀಬಾರ್ದು.’

ಆದರೂ ಹೆಬ್ಬೆರಳು ರೂಢಿಯಂತೆ ಲೇಬಲ್ಲಿನ ಮೇಲೆ ಹೋಗಿ ಕೂತಿತು. ಅತ್ತೆ ದೀಪದಡಿ ಬಹಳ ಹೊತ್ತು ನೋಡಿದಳು. ಎಷ್ಟು ಹೊತ್ತೆಂದರೆ ಡಾಕ್ಟರು ಗೋಡೆ ಗಡಿಯಾರದ ಕಡೆ ಒಮ್ಮೆ, ಅತ್ತೆಯ ಹಲ್ಲಿನ ಕಡೆ ಒಮ್ಮೆ ನೋಡಿದರು.

ಸೊಸೆಯ ಸರದಿ. ಅಂಚು ಸರಿ. ಹಾರುವ ಹಕ್ಕಿಯ ಚಿತ್ರ. ಅದರ ಎದೆ, ರೆಕ್ಕೆ, ಪೆಟ್ಟು ಬೀಳುವ ಉಬ್ಬುಗಳೆಲ್ಲ ಸರಿ. ಚಿತ್ರದ ಸುತ್ತಲಿನ ಕನ್ನಡಿಯಂಥ ಬಯಲಿನಲ್ಲಿ, ಬಾಲದ ಕೆಳಗೆ, ಕೆನೆಯ ಚೂರಿನಂಥ ಬಿಳಿ ಮಚ್ಚೆ. ಡಬ್ಬಿಯ ಮೇಲಿನ ಗೀರೇ? ಓರೆ ಮಾಡಿದಳು. ಗೀರಾಗಿದ್ದರೆ ನಾಣ್ಯದ ಮೇಲೆ ಅತ್ತಿತ್ತ ಜಾರಬೇಕು. ಇದು ಬಾಲವನ್ನು ಬಿಟ್ಟು ಕದಲಲಿಲ್ಲ. ಬೆಳ್ಳಿಯದೇ ಕಲೆ. ಅಚ್ಚು ಹಾಕುವ ಮುಂಚೆ ಬಿಲ್ಲೆಯನ್ನು ಸರಿಯಾಗಿ ತೊಳೆಯದಿದ್ದರೆ, ವರ್ಷಗಳ ಮೇಲೆ ಹೀಗೆ ಎದ್ದು ಬರುತ್ತದೆ. ಹಾಲುಕಲೆ.

ಒಂದು ಬೆರಳು. ಅನುಮಾನವೇ ಇಲ್ಲ.

ಅವಳ ಉಸಿರು ಒಂದು ಕ್ಷಣ ನಿಂತಿತು. ಬೆಳ್ಳಿಯ ಮೇಲೆ ಬಿಳಿ. ಅತ್ತೆಯ ಈಗಿನ ಕಣ್ಣಿಗೆ ಇದು ಕಂಡೀತೇ? ಕಾಣದಿದ್ದರೆ ಅಲ್ಲಿ ಮುಷ್ಟಿ, ಇಲ್ಲಿ ಬೆರಳು. ಕುರ್ಚಿ ಖಾಲಿ.

4

‘ನಿಜ ತೋರಿಸು,’ ಎಂದು ನಾನು ಕಿವಿಯಲ್ಲಿ ಹೇಳಿದೆ. ‘ಕಥೆ ಮೇಲೇಳುತ್ತೆ. ಓದುಗರ ಕಣ್ಣಲ್ಲಿ ನೀರು ಬರುತ್ತೆ.’

‘ಓದುಗರಿಗೆ ಬೇರೆ ಕಥೇಲಿ ಬೇರೆ ಅತ್ತೆ ಸಿಗ್ತಾರೆ. ನಂಗಿರೋದು ಇವರೊಬ್ರೇ.’

‘ಡಾಕ್ಟರಿಗೆ ಸುಳ್ಳು ಹೇಳ್ತೀಯಾ?’

‘ಅವರನ್ನ ಬೀದಿ ತಿರುವಿನವರೆಗೆ ಕಳಿಸೋಕೆ ಹೋಗಿ ನಿಜ ಹೇಳ್ತೀನಿ. ನೀವು ಬಾಯ್ಮುಚ್ಕೊಂಡು ಬರೀರಿ.’

ಬರೆದೆ.

5

‘ಒಂದು, ಎರಡು, ಮೂರು.’

ಸೊಸೆಯದು ಮುಷ್ಟಿ.

ಅತ್ತೆಯದು ಒಂದು ಬೆರಳು.

(ಓದುಗರೇ, ಇದು ನನ್ನ ಯೋಜನೆಯಲ್ಲಿ ಇರಲಿಲ್ಲ.)

‘ಏನಿದು, ಕಲ್ಲು-ಕಾಗದ-ಕತ್ತರಿನಾ?’ ಎಂದರು ಡಾಕ್ಟರು.

ಅತ್ತೆ ಸೊಸೆಯ ಮುಷ್ಟಿಯನ್ನೇ ನೋಡುತ್ತ, ಮೆಲ್ಲಗೆ, ‘ಎಲ್ಲಿದೆ ಅಂತ ಡಾಕ್ಟ್ರಿಗೆ ನೀನೇ ತೋರ್ಸಮ್ಮಾ’ ಎಂದಳು.

ಸೊಸೆಯ ಮುಷ್ಟಿ ಬಿಚ್ಚಿತು. ಬೆರಳು ತಾನಾಗಿ ಬಾಲದ ಕೆಳಗೆ ಹೋಗಿ ನಿಂತಿತು. ಹಾಲುಕಲೆ ಎಂದರೇನೆಂದು ವಿವರಿಸುವಾಗ ಅವಳ ಕಿವಿ ಕೆಂಪಾಗಿತ್ತು.

‘ಹಾಗಾದ್ರೆ ಕಂಪನಿಯವ್ರು ಜಾಸ್ತಿ ಕೊಟ್ಟು ಟೋಪಿ ಹಾಕಿದಾರೆ?’

‘ಇವತ್ತಿಗೆ ಜಾಸ್ತಿ,’ ಎಂದಳು ಅತ್ತೆ. ‘ಕೊಟ್ಟ ದಿನ ಸರಿಯಾಗೇ ಇದ್ದಿರ್ಬೇಕು. ಇದು ಆಮೇಲೆ ಎದ್ದ ಕಲೆ. ಡಬ್ಬೀಲಿ ಹಾಕಿ ಸೀಲ್ ಮಾಡಿದ್ರೆ ಬೆಳ್ಳಿ ಸುಮ್ನಿರುತ್ತಾ?’

ಡಾಕ್ಟರು ಭೂತಗನ್ನಡಿ ಇಸಿದುಕೊಂಡು ನೋಡಿದರು. ಮುಖ ಅರಳಿತು. ‘ನನ್ನ ಮಗಳ ಮುಂದಿನ ಹಲ್ಲಲ್ಲೂ ಇಂಥದ್ದೇ ಬಿಳಿ ಚುಕ್ಕೆ ಇದೆ ಕಣ್ರೀ. ತೆಗೀತೀನಿ ಅಂದ್ರೆ ಬಿಡಲ್ಲ ಅವಳು.’ ಮಗಳಿಗೆ ಈ ನಾಣ್ಯವನ್ನೇ ಕೊಡುತ್ತೇನೆಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

6

‘ಮುಷ್ಟಿ ಯಾಕೆ?’

‘ಕಾಣ್ಲಿಲ್ಲ ಅತ್ತೆ.’

‘ಕಾಣದವಳು ಬೆರಳಿಟ್ಟು ತೋರಿಸಿದ್ಯಾ?’

ಸೊಸೆ ದೀಪದ ಸ್ವಿಚ್ಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಆಮೇಲೆ ತಲೆಯೆತ್ತಿ ಕೇಳಿದಳು: ‘ನಿಮಗೆ ಕಂಡಿತ್ತಾ?’

ಇಲ್ಲಿ ಕಥೆ ಮುಗಿಯಬೇಕು. ಮುಕ್ತಾಯಗಳನ್ನು ಹರವಿದ್ದೇನೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಕಂಡಿತ್ತು. ಸೊಸೆಯ ಭಯವೆಲ್ಲ ಸುಳ್ಳು. ದೀಪ ಹತ್ತಿರ ಎಳೆದುಕೊಂಡದ್ದು ಚಳಿಗೆ.

ಆ) ಕಂಡಿರಲಿಲ್ಲ. ಆದರೆ ಸೊಸೆಯ ಉಸಿರು ನಿಂತದ್ದು ಕೇಳಿಸಿತ್ತು. ಆ ಕುರ್ಚಿಗೆ ನಾಣ್ಯಕ್ಕಿಂತ ಸ್ಟೂಲೇ ಹತ್ತಿರ.

ಇ) ಗಂಡ ಬಾಗಿಲಲ್ಲಿ ತಲೆ ತೂರಿಸಿ, ‘ಪಾರ್ಕಿಂಗಿಗೆ ಚಿಲ್ಲರೆ ಇದೆಯಾ?’ ಎಂದ. ಇಬ್ಬರೂ ಒಟ್ಟಿಗೆ ‘ಮುಟ್ಟಬೇಡ!’ ಎಂದು ಚೀರಿದರು. (ಇದು ನಿಜವಾಗಿ ನಡೆಯಿತು. ಆದರೆ ಇದು ಉತ್ತರವಲ್ಲ.)

ನಾನು ಅತ್ತೆಯನ್ನೇ ನೇರವಾಗಿ ಕೇಳಿದೆ: ಅ-ನೋ, ಆ-ನೋ? ಅವಳು ಕೈ ಚಾಚಿ ನನ್ನ ಎರಡು ಸಾಲುಗಳ ಮೇಲೂ ಹೆಬ್ಬೆರಳಿಟ್ಟಳು. ‘ಸೀಲ್ ಮಾಡ್ಬೇಡಪ್ಪಾ. ಇನ್ನೂ ಏನೇನು ಏಳೋದಿದೆಯೋ.’

ಹಾಗೆಂದವಳೇ ಕುರ್ಚಿಯಿಂದ ಎದ್ದಳು. ಮಾತು ಕೊಟ್ಟವಳಲ್ಲವೇ, ಬೆರಳು ಬೇರೆಯಾಗಿತ್ತು. ಸೊಸೆಯೂ ಸ್ಟೂಲಿನಿಂದ ಎದ್ದಳು, ಆದರೆ ಕುರ್ಚಿಗೆ ಹೋಗಲಿಲ್ಲ. ‘ಕೂತ್ಕೋ.’ ‘ನೀವು ಕೂತ್ಕೊಳ್ಳಿ.’ ‘ಹೇಳಿದ್ನಲ್ಲ, ನಿಂದು ಅಂತ.’ ‘ನಂಗೆ ಸೊಂಟ ನೋವು, ಕೂರಕ್ಕಾಗಲ್ಲ.’ ‘ಯಾವಾಗಿಂದ?’ ‘ಈಗಿಂದ.’

ನಾನು ಪೆನ್ನು ಎತ್ತುವಾಗಲೂ ಇಬ್ಬರೂ ನಿಂತೇ ಇದ್ದಾರೆ. ನಡುವೆ ಖಾಲಿ ಕುರ್ಚಿ, ದೀಪದಡಿ ಇನ್ನೊಂದು ಡಬ್ಬಿ, ಅದರ ಲೇಬಲ್ಲಿನ ಮೇಲೆ ಯಾರದೋ ಹೆಬ್ಬೆರಳು.

ಅತ್ತೆಗೆ ಕಂಡಿತ್ತೇ? ನೀವೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳಿ. ನನ್ನದೂ ಅಲ್ಲೇ ಇದೆ. ಕಂಡಿದ್ದರೆ ಬೆರಳು, ಇಲ್ಲದಿದ್ದರೆ ಮುಷ್ಟಿ. ಪಕ್ಕದವರಿಗಾಗಿ ಸುಳ್ಳು ತೋರಿಸಿದರೂ ಯಾಕೆಂದು ನಾನು ಕೇಳುವುದಿಲ್ಲ.

ಒಂದು, ಎರಡು,