ಹೊಲದ ಬಯಕೆಗೆ ಮಾಡಿದ ಕಡುಬು

“ಇದು ಕಡುಬೇನಲೇ? ಬೇಕರಿ ಪಪ್ಸ್ ಮಾಡಿಟ್ಟೀಯಲ್ಲ. ಇದನ್ನ ಒಯ್ದು ಹೊಲಕ್ಕ ಚರಗ ಚೆಲ್ಲಂದ್ರ ನಾ ಚೆಲ್ಲಂಗಿಲ್ಲ. ನಾಯಿನೂ ಮೂಸಂಗಿಲ್ಲ ಇದನ್ನ.”

“ನೀ ಮೂಸಿದಿಯಲ್ಲಣ್ಣ, ಅಷ್ಟು ಸಾಕು ಬಿಡು,” ಎಂದ ನನ್ನ ತಮ್ಮ ದುರುಗೇಶ.

ಕಮಲಾಪುರದ ನಮ್ಮ ಹಳೆಯ ಮನೆಯನ್ನು ಅವನು ಹಂಪಿಗೆ ಬರುವವರಿಗಾಗಿ ಹೋಮ್‌ಸ್ಟೇ ಮಾಡಿದ್ದಾನೆ. ದನದ ಕೊಟ್ಟಿಗೆಗೆ ಸುಣ್ಣ ಬಳಿದು, ಎರಡು ಮಂಚ ಹಾಕಿ, ‘ಹೆರಿಟೇಜ್ ರೂಮ್’ ಎಂದು ಬೋರ್ಡ್ ತೂಗುಹಾಕಿದ ಮಹಾ ಬುದ್ಧಿವಂತ. ನಮ್ಮ ಎಮ್ಮೆ ಸಗಣಿ ಹಾಕುತ್ತಿದ್ದ ಜಾಗದಲ್ಲಿ ಈಗ ಬೆಂಗಳೂರಿನವರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಊರ ಹೊರಗೆ ಕಾಲುವೆ ದಂಡೆಯ ಮನೆಯಲ್ಲಿದ್ದುಕೊಂಡು ಇಬ್ಬರಿಗೂ ಸೇರಿದ ಭತ್ತದ ಹೊಲ ಮಾಡುತ್ತೇನೆ. ಅಜ್ಜಿ ಯಲ್ಲಕ್ಕ ತಾನು ಮದುವೆಯಾಗಿ ಬಂದ ಮನೆ ಬಿಡಲು ಒಪ್ಪದೆ ತಮ್ಮನ ಜೊತೆಯಲ್ಲೇ ಇದ್ದಳು.

ಸೀಗಿ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ದಂಟು ಮಾತ್ರ ಉಬ್ಬಿರುತ್ತದೆ. ಹೊಲ ಈಗ ಬಸುರಿ ಎನ್ನುತ್ತೇವೆ ನಾವು. ಅವಳ ಬಯಕೆಗೆಂದು ಕುಂಬಳಕಾಯಿ ಕಡುಬು ಮಾಡಿ, ಅದನ್ನು ಮುರಿದು ಹೊಲದ ತುಂಬ ಚೆಲ್ಲುವುದೇ ಚರಗ. ಮನೆಯವರ ಊಟ ಆಮೇಲೆ. ಅಜ್ಜಿ ಕುಂಬಳಕಾಯಿ ತುರಿದು ಬೆಲ್ಲದಲ್ಲಿ ಬೇಯಿಸುವಾಗ ನಾಲಿಗೆಯ ತುದಿಗೂ ಮುಟ್ಟಿಸುತ್ತಿರಲಿಲ್ಲ. ಸಿಹಿ ಹೆಚ್ಚಾಯಿತೋ ಕಡಿಮೆಯಾಯಿತೋ, ಹೊಲ ಉಂಡ ಮೇಲೆಯೇ ನಮಗೆ ಗೊತ್ತಾಗುತ್ತಿತ್ತು.

ಈ ಸಲ ದುರುಗೇಶ ಓವನ್ ತಂದಿದ್ದ. ಗಡಿಗೆಯೊಳಗೆ ಹುಲ್ಲು ಹಾಸಿ ಕಡುಬನ್ನು ಹಬೆಯಲ್ಲಿ ಬೇಯಿಸುವುದು ಅವನಿಗೆ ಗಲೀಜಾಗಿ ಕಂಡಿತ್ತು. ಹುಲ್ಲು ತಿಂದ ಎಮ್ಮೆಯ ಹಾಲು ಕುಡಿದು ಬೆಳೆದವನಿಗೆ ಹುಲ್ಲು ಗಲೀಜು! ಅಜ್ಜಿ ಮಡಿಚಿಕೊಟ್ಟ ಕಡುಬುಗಳಿಗೆ ಬೆಣ್ಣೆ ಸವರಿ ಆ ಪೆಟ್ಟಿಗೆಗೆ ತಳ್ಳಿದ್ದ. ಅಂಚು ಸೀದು, ಮೈ ಬಿರುಕು ಬಿಟ್ಟು ಹೊರಬಂದಿದ್ದವು. ನಾನು ಬಾಯಿಗೆ ಬಂದಂತೆ ಬೈದೆ.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ನನ್ನನ್ನೇ ಗದರಿದಳು. “ಬೆಂಕಿ ಯಾವುದಾದ್ರೇನು ಗಾದಿಲಿಂಗ, ಬೆಂದ್ರ ಆತು. ಬಾಯಿ ಮುಚ್ಚಿ ಪುಟ್ಟಿ ತಗೊಂಡು ನಡಿ.”

ತಮ್ಮ ಹಲ್ಲು ಕಿರಿದ. ನಾನು ಉರಿದುಕೊಂಡೇ ಕಡುಬಿನ ಪುಟ್ಟಿ ಎತ್ತಿದೆ. ಹಗುರವಾಗಿತ್ತು. ಬಟ್ಟೆ ಸರಿಸಿದರೆ ಅರ್ಧ ಖಾಲಿ. ಉಳಿದವು ಎಲ್ಲಿ ಎಂದೆ. ಗೆಸ್ಟುಗಳು ಹಂಪಿಗೆ ಹೊರಡುವ ಅವಸರದಲ್ಲಿದ್ದರು, ತಿಂಡಿಗೆ ಅದನ್ನೇ ಕೊಟ್ಟೆ, ಭಾಳ ಮೆಚ್ಚಿದರು ಎಂದ. ಹಜಾರದ ಬೋರ್ಡಿನಲ್ಲಿ ‘ಅಜ್ಜೀಸ್ ಪಂಪ್‌ಕಿನ್ ಪೈ’ ಎಂದೂ ಬರೆದಿದ್ದ. ಕಡುಬು ಎಂದು ಬರೆದರೆ ಅವನ ಮರ್ಯಾದೆ ಹೋಗುತ್ತಿತ್ತು.

ಅವರೇ ಮೊದಲು ಉಂಡರೇ ಎಂದು ಅಜ್ಜಿ ಕೇಳಿದಳು. ಅವರ ತಟ್ಟೆಯೇ ಬೇರೆ, ಪುಟ್ಟಿಯಲ್ಲಿರುವುದನ್ನು ಯಾರೂ ಮುಟ್ಟಿಲ್ಲ ಎಂದ ದುರುಗೇಶ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು.

“ಹೊಲಕ್ಕೇನು ಗೊತ್ತಾಗ್ತೈತಿ ಬಿಡಬೇ,” ಎಂದುಬಿಟ್ಟ.

ಅಜ್ಜಿ ಅವನನ್ನೇ ನೋಡಿದಳು. “ಬಸುರಿಗೆ ಎಂಜಲು ಉಣಿಸ್ತೀಯೇನಲೇ?”

ಅವನು ನಕ್ಕ. ಮುಂದಿನ ವರ್ಷ ಹೊಲಕ್ಕೆಂದು ಬೇರೆಯೇ ಮಾಡಿಸುವುದಾಗಿ ಹೇಳಿದ. ಸಂಜೆ ಗೆಸ್ಟುಗಳು ಅಜ್ಜಿಯ ಜೊತೆ ಫೋಟೋ ಕೇಳಿದ್ದಾರೆ, ಒಳ್ಳೆಯ ಸೀರೆ ಉಟ್ಟುಕೋ ಎಂದ.

ಅಜ್ಜಿ ಕೈಯ ಹಿಟ್ಟು ತೊಳೆದುಕೊಂಡಳು. ಗೋಡೆ ಹಿಡಿದು ಎದ್ದು ಹೊರಗೆ ನಡೆದಳು. ಪುಟ್ಟಿ ಅಲ್ಲೇ ಬಿಟ್ಟು ನಾನೂ ಹಿಂದೆ ಹೋದೆ. ದಾರಿಯುದ್ದಕ್ಕೂ ತಮ್ಮನನ್ನು ಬೈದೆ. ನನ್ನ ಮನೆ ಮುಟ್ಟಿದ್ದೇ ಅಜ್ಜಿ ನನ್ನ ಹೆಂಡತಿಗೆ ಕುಂಬಳಕಾಯಿ ಹೆಚ್ಚಲು ಹೇಳಿದಳು. ಹೊತ್ತು ಇಳಿದ ಮೇಲೆ ಹೊಲ ಉಂಡಿತು, ಆಮೇಲೆ ನಾವು ಉಂಡೆವು.

ದುರುಗೇಶ ಮರುದಿನ ಅಜ್ಜಿಯನ್ನು ಕರೆದೊಯ್ಯಲು ಆಟೋ ತಂದ. ದೀಪಾವಳಿಗೆ ಹೊಸ ಸೀರೆ ತಂದ. ಯುಗಾದಿಗೆ ಬರಿಗೈಯಲ್ಲಿ ಬಂದು ಹೊತ್ತು ಮುಳುಗುವ ತನಕ ಕಟ್ಟೆಯ ಮೇಲೆ ಕೂತ. ಅಜ್ಜಿ ಅವನಿಗೆ ಉಣ್ಣಲಿಕ್ಕಿದಳು, ಮಾತಾಡಿಸಿದಳು. ಆ ಮನೆಗೆ ಮಾತ್ರ ತಿರುಗಿ ಹೋಗಲಿಲ್ಲ.